ಮುನ್ನೂರ ಹನ್ನೆರಡರ ಕೋಟು

ನಮ್ಮ ಶಾಲೆಯಲ್ಲಿ ಹೊಸ ಕೋಟು ನಡೆಯುವುದಿಲ್ಲ. ಅಲ್ಲಿ ಒಂದು ದಿನವೂ ಪಾಠ ಕೇಳಿದವನಲ್ಲದಿದ್ದರೂ ನಮ್ಮ ಶಾಲೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮೊದಲು ಅಪ್ಪ ಅಲ್ಲಿನ ಟೈಲರ್ ಆಗಿದ್ದ, ಅವನ ನಂತರ ನಾನು. ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿಪೆಟ್ಟಿಗೆ, ಮತ್ತು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನಾನು. ಫಾದರುಗಳು ವರ್ಗವಾಗಿ ಹೋಗುತ್ತಾರೆ, ಮೇಷ್ಟರು ನಿವೃತ್ತರಾಗುತ್ತಾರೆ, ಹುಡುಗರು ಮೂರು ವರ್ಷ ಗಲಾಟೆ ಮಾಡಿ ಮೀಸೆ ಮೂಡುವ ಹೊತ್ತಿಗೆ ಮಾಯವಾಗುತ್ತಾರೆ. ಉಳಿಯುವುದು ಕೋಟುಗಳು.

ಪದ್ಧತಿ ಹೀಗಿದೆ. ಹತ್ತನೆಯ ತರಗತಿ ಮುಗಿಸಿದ ಹುಡುಗ ಕೊನೆಯ ದಿನ ತನ್ನ ನೀಲಿ ಕೋಟನ್ನು ಬಿಚ್ಚಿಕೊಟ್ಟು ಬರೀ ಅಂಗಿಯಲ್ಲಿ ಗೇಟು ದಾಟುತ್ತಾನೆ. ರಜೆಯಲ್ಲಿ ನಾನು ಅದನ್ನು ಒಗೆಸಿ, ಹರಿದ ಕಡೆ ತೇಪೆ ಹಾಕಿ, ಎಂಟನೆಯ ತರಗತಿಗೆ ಬರುವ ಹುಡುಗನ ಅಳತೆಗೆ ಮಡಚಿ ಹೊಲಿಯುತ್ತೇನೆ. ಯಾರಿಗೆ ಯಾವ ಕೋಟು ಎಂದು ಆರಿಸುವ ಹಾಗಿಲ್ಲ. ಗೂಟದಲ್ಲಿ ನೇತುಹಾಕಿದ ಸಾಲಿನಲ್ಲೇ ಹಂಚಿಕೆ. ಅಳತೆ ಹೊಂದಿಸುವುದು ಟೈಲರನ ಹಣೆಬರಹ. ಕೋಟಿನ ಒಳಗಿನ ಲೈನಿಂಗ್ ಮೇಲೆ ಅದನ್ನು ತೊಟ್ಟವರ ಶಾಲಾ ನಂಬರುಗಳು ಬಿಳಿ ದಾರದಲ್ಲಿ ಒಂದರ ಕೆಳಗೊಂದು ಇರುತ್ತವೆ. ಶಾಲೆ ತೆರೆದ ದಿನ ಚಾಪೆಲಿನಲ್ಲಿ ಪೂಜೆ ಮುಗಿದ ಮೇಲೆ, ಕೋಟಿನ ಕೋಣೆಯ ಬ್ರದರ್ ಒಂದೊಂದೇ ಕೋಟು ತೆರೆದು ಆ ನಂಬರುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಕೊನೆಯ ನಂಬರನ್ನು ಮಾತ್ರ ಹೊಸ ಹುಡುಗನೇ ಹೇಳಿ ತೋಳು ತೂರಿಸಬೇಕು. ಅರವತ್ತು ಹುಡುಗರ ಸರದಿ ಮುಗಿಯುವಷ್ಟರಲ್ಲಿ ಎಲ್ಲರ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಆದರೂ ಒಬ್ಬನೂ ಕೆಮ್ಮುವುದಿಲ್ಲ.

ಇದು ನನಗೆ ಎಷ್ಟು ಹಿಡಿಸುತ್ತದೆಂದರೆ, ಒಮ್ಮೆ ಜವಳಿ ಅಂಗಡಿಯ ದೊಡ್ಡ ಯಜಮಾನರು ಮಗನಿಗೆಂದು ಹೊಸ ಕೋಟು ಹೊಲಿಸಿ ಕಾರಿನಲ್ಲಿ ತಂದಾಗ, ಫಾದರ್ ಬಾಯಿ ಬಿಡುವ ಮೊದಲೇ ನಾನೇ ಗೇಟಿನಲ್ಲಿ ತಡೆದಿದ್ದೆ. "ಸಾರ್, ಇಲ್ಲಿ ಅಡುಗೆಯವರ ಮಗನೂ ನಿಮ್ಮ ಮಗನೂ ಇನ್ನೊಬ್ಬರು ಹಾಕ್ಕೊಂಡು ಬಿಟ್ಟಿದ್ದನ್ನೇ ಹಾಕ್ಕೋಬೇಕು. ಹೊಸದನ್ನ ಮನೇಲಿ ಇಟ್ಕೊಳ್ಳಿ," ಎಂದಿದ್ದೆ. ಆ ಮಾತನ್ನು ಹೆಂಡತಿಯ ಮುಂದೆ ಒಂದು ವಾರ ಹೇಳಿಕೊಂಡು ಮೆರೆದಿದ್ದೆ.

ಈ ವರ್ಷ ನನ್ನ ಮಗನೇ ಎಂಟನೆಯ ತರಗತಿಗೆ ಸೇರಿದ. ಪ್ರವೇಶ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದ. ನನ್ನ ಮಗ ಎಂದು ಯಾರೂ ಕರುಣೆ ತೋರಿಸಿದ್ದಲ್ಲ. ಬ್ರದರ್ ಕೊಟ್ಟ ಪಟ್ಟಿ ಹಿಡಿದು ಗೂಟಗಳನ್ನು ಎಣಿಸುತ್ತ ಹೋದೆ. ಅವನ ಸರದಿಗೆ ಬಂದದ್ದು ತೇಪೆ ಮಹಾರಾಜ.

ಆ ಹೆಸರು ನಾನೇ ಇಟ್ಟದ್ದು. ಹನ್ನೆರಡು ಹುಡುಗರು ತೊಟ್ಟ ಕೋಟು. ಮೊಣಕೈಗಳಿಗೆ ಚರ್ಮದ ತೇಪೆ, ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿದದ್ದು ಎರಡು ಸಲ. ಎಡ ತೋಳಿನ ತುದಿಯಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು ಒಂದು ಕಾಲಕ್ಕೆ ಇದ್ದಿರಬೇಕು. ಅದಕ್ಕೆ ಎಳೆ ಎಳೆ ನೇಯ್ದ ಹಳೆಯ ರಫು ಇತ್ತು. ಅದು ಸಡಿಲವಾದಾಗಲೆಲ್ಲ ಅದರ ಮೇಲೆ ನಾನೂ ರಫು ಮಾಡಿ, ತೂತು ಮಾಡಿದ ಪುಣ್ಯಾತ್ಮನಿಗೆ ಬಾಯಿ ತುಂಬ ಬೈದಿದ್ದೆ.

ಟೈಲರನ ಮಗ ಇಡೀ ಶಾಲೆಯಲ್ಲೇ ಹೆಚ್ಚು ತೇಪೆಯ ಕೋಟು ತೊಡುವುದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮನೆಯಲ್ಲಿ ಹೇಳಿದೆ.

"ಅದರಲ್ಲೇನ್ರೀ ತಪ್ಪು?" ಎಂದಳು ಹೆಂಡತಿ. "ಬೇರೆಯವರ ಮಗ ಹಾಕ್ಕೊಂಡಾಗ ಒಳ್ಳೇ ಗಟ್ಟಿ ಕೋಟು ಅಂತಿದ್ರಿ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು," ಎಂದೆ. ಉತ್ತರ ಇಲ್ಲದಿದ್ದಾಗ ನಾನು ಹೇಳುವ ಮಾತೇ ಅದು.

ಮಾಡಬಾರದ ಕೆಲಸಕ್ಕೆ ಕೈ ಹಾಕಿದೆ. ಅದೇ ನೀಲಿಯ ಬಟ್ಟೆ ತಂದು ಹೊಸ ಕೋಟು ಕತ್ತರಿಸಿದೆ. ಹೊಲಿದ ಮೇಲೆ ಸೋಡಾ ನೀರಿನಲ್ಲಿ ಏಳು ಸಲ ಅದ್ದಿದೆ, ಮೊಣಕೈಗಳನ್ನು ಇಟ್ಟಿಗೆ ಚೂರಿನಿಂದ ಉಜ್ಜಿದೆ, ಡಬ್ಬಿಯಿಂದ ಹಳೆಯ ಗುಂಡಿಗಳನ್ನು ಹೆಕ್ಕಿ ಹಾಕಿದೆ. ನಂಬರುಗಳು ತಪ್ಪಿದರೆ ಬ್ರದರ್ ಹತ್ತಿರವಿರುವ ದಾಖಲೆ ಪುಸ್ತಕದಲ್ಲಿ ಸಿಕ್ಕಿಬೀಳುತ್ತೇನೆಂದು ತೇಪೆ ಮಹಾರಾಜನ ಹನ್ನೆರಡನ್ನೂ ನೋಡಿ ನೋಡಿ ಹೊಲಿದೆ. ಅಂಕಿಗಳ ಓರೆಯನ್ನೂ ಬಿಡಲಿಲ್ಲ. ಕೆಳಗೆ ಮಗನ ನಂಬರು ಸೇರಿಸಿದೆ. ಹಳೆಯದನ್ನು ಮೇಜಿನ ಕೆಳಗಿನ ಚಿಂದಿ ಗಂಟಿನಲ್ಲಿ ತುರುಕಿದೆ. ಹೊಸದು ಗೂಟಕ್ಕೇರಿತು. ನನ್ನ ಕೈಚಳಕಕ್ಕೆ ನಾನೇ ಬೆರಗಾದೆ.

ಕೋಟಿನ ದಿನ ನಾನು ಎಂದಿನಂತೆ ಚಾಪೆಲಿನ ಕೊನೆಯ ಕಂಬದ ಬಳಿ ನಿಂತಿದ್ದೆ. ಬ್ರದರ್ ಐವತ್ತರ ಹತ್ತಿರದ ಸಣಕಲು ಮನುಷ್ಯ. ಅವರ ಜೇಬಿನ ಕೀಲಿಗೊಂಚಲು ಅವರಿಗಿಂತ ಮೊದಲು ಬರುತ್ತದೆ. ಮಗನ ಸರದಿ ಬಂತು. ಅವನು ಕೈಕಟ್ಟಿ ನಿಂತ, ಕಿವಿಗಳೆರಡೂ ಕೆಂಪಗೆ.

ಬ್ರದರ್ ಕೋಟು ತೆರೆದು ಮೊದಲ ನಂಬರು ಓದಿದರು. ಎರಡನೆಯದನ್ನು ಓದಿದರು: "ಮುನ್ನೂರ ಹನ್ನೆರಡು." ಓದುತ್ತಲೇ ಅವರ ಹೆಬ್ಬೆರಳು ಎಡ ತೋಳಿನ ತುದಿಗೆ ಹೋಯಿತು. ಅಲ್ಲಿ ತಡಕಿತು. ಮತ್ತೊಮ್ಮೆ ತಡಕಿತು. ಕನ್ನಡಕ ಏರಿಸಿ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ತಲೆಯೆತ್ತಿ, ಅಷ್ಟು ಹುಡುಗರ ತಲೆಯ ಮೇಲಿಂದ, ನೇರ ನನ್ನನ್ನು ನೋಡಿದರು.

ಈಗ ಹೇಳುತ್ತಾರೆ, ಮಗನ ಮುಂದೆಯೇ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ. ಉಳಿದ ಹತ್ತನ್ನೂ ಅದೇ ದನಿಯಲ್ಲಿ ಓದಿ ಮುಗಿಸಿದರು. ಮಗ ತನ್ನ ನಂಬರು ಹೇಳಿ ತೋಳು ತೂರಿಸಿದ.

ಮಧ್ಯಾಹ್ನ ಕೋಟಿನ ಕೋಣೆಗೆ ಕರೆ ಬಂತು. ಖಾಲಿ ಗೂಟಗಳ ನಡುವೆ ಬ್ರದರ್ ಸ್ಟೂಲಿನ ಮೇಲೆ ಕೂತಿದ್ದರು.

"ಬನ್ನಿ ಟೈಲರೇ. ನನ್ನ ಕೋಟೆಲ್ಲಿ?"

"ನಿಮ್ಮ ಕೋಟಾ?"

"ಮುನ್ನೂರ ಹನ್ನೆರಡು ನಾನೇ ಅಲ್ವಾ. ಈ ಶಾಲೇಲೇ ಓದಿದ್ದು ನಾನು. ಮೂರು ವರ್ಷಕ್ಕೊಂದು ಸಲ ಅದು ಕೈಗೆ ಬರುತ್ತೆ. ಆ ರಫು ಒಂದ್ಸಲ ಮುಟ್ಟಿ ಬಿಡ್ತೀನಿ. ಇವತ್ತು ತೋಳು ನುಣ್ಣಗಿತ್ತು."

ಇಂಗು ತಿಂದ ಮಂಗನಂತೆ ನಿಂತೆ. ನಂಬರು ನಕಲು ಮಾಡುವಾಗ ಇದ್ದ ಬುದ್ಧಿ, ಒಂದು ತೂತು ಸುಟ್ಟು ರಫು ಮಾಡಲು ಇರಲಿಲ್ಲ. ಇದ್ದರೂ ನಾನು ಮಾಡುತ್ತಿರಲಿಲ್ಲ. ಆ ತೂತು ಬೇಡವೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು.

"ಆ ತೂತು ಮಾಡಿದ್ದು ನೀವಾ ಬ್ರದರ್?"

"ನಾನೇ. ಬೆಳಗಿನ ಪೂಜೇಲಿ ಮೇಣದಬತ್ತಿ ಹಿಡಿಯೋ ಸರದಿ. ಫಾದರ್ ಪ್ರವಚನ ಉದ್ದ ಇತ್ತು, ನಿಂತಲ್ಲೇ ನಿದ್ದೆ ಬಂತು. ಎಚ್ಚರ ಆದಾಗ ತೋಳಿಂದ ಹೊಗೆ ಬರ್ತಿತ್ತು." ಬ್ರದರ್ ನಕ್ಕರು. "ಅವತ್ತು ನಗು ಬರಲಿಲ್ಲ. ಕೋಟು ನಂದಲ್ಲ, ನನ್ನ ಹಿಂದಿನವನದು, ನನ್ನ ಮುಂದಿನವನದು. ಮನೆಗೆ ಕಳಿಸ್ತಾರೆ ಅಂತ ಅಳ್ತಾ ನಿಮ್ಮಪ್ಪನ ಹತ್ರ ಓಡಿಹೋದೆ. ಒಂದು ಪೀರಿಯಡ್ ಪೂರ್ತಿ ಅವರು ತಲೆ ಎತ್ತದೆ ರಫು ಮಾಡಿದ್ರು. ಆಗಿನ ಪ್ರಿನ್ಸಿಪಾಲ್ ಫಾದರ್ ಬಂದು, ಹುಡುಗ ಯಾಕೆ ಬರೀ ಅಂಗೀಲಿದ್ದಾನೆ ಅಂತ ಕೇಳಿದ್ರು. 'ಅಳತೆ ತಪ್ಪಿತ್ತು ಫಾದರ್, ನಂದೇ ತಪ್ಪು' ಅಂದ್ರು ನಿಮ್ಮಪ್ಪ."

ನನ್ನ ರಫಿನ ಕೆಳಗಿನ ಆ ಹಳೆಯ ಎಳೆಗಳು ಅಪ್ಪನವು. ಇಷ್ಟು ವರ್ಷ ಅದರ ಮೇಲೆ ಸೂಜಿ ಆಡಿಸಿದ್ದೇನೆ, ಅಪ್ಪನ ಕೈ ಎಂದು ತಿಳಿಯಲಿಲ್ಲ. ಅವನು ಯಾರದೋ ಮಗನಿಗಾಗಿ ಸುಳ್ಳು ಹೇಳಿ ಆ ಕೋಟನ್ನು ಉಳಿಸಿದ್ದ. ನಾನು ನನ್ನ ಮಗನಿಗಾಗಿ ಸುಳ್ಳು ಹೊಲಿದು ಅದನ್ನು ಚಿಂದಿಗೆ ತುರುಕಿದ್ದೆ. ನಾಚಿಕೆಯಿಂದ ಕಣ್ಣು ತುಂಬಿತು.

"ಹೊಟ್ಟೆಗೆ ಹಾಕ್ಕೊಳ್ಳಿ ಬ್ರದರ್. ಫಾದರ್ ಹತ್ರ ನಾನೇ ಹೋಗಿ ಹೇಳ್ತೀನಿ."

"ಹೇಳಿ. ಅವರು ಬೈದು ಮರೀತಾರೆ. ಆದರೆ ಮೊದಲು ಮಗನಿಗೆ ಹೇಳಿ. ಅದು ಕಷ್ಟ."

ಕಷ್ಟವೇ ಆಯಿತು. ಶಾಲೆ ಬಿಟ್ಟ ಮೇಲೆ ಮಗ ನನ್ನ ಕೋಣೆಗೆ ಬಂದು, ಬ್ಯಾಗು ಇಳಿಸುವ ಮೊದಲೇ ಕೋಟು ಬಿಚ್ಚಿದ. ಯಾವತ್ತೂ ಚೆಲ್ಲಾಪಿಲ್ಲಿ ಎಸೆಯುವವನು ಅದನ್ನು ಮಡಚಿ ಮೇಜಿನ ಮೇಲಿಟ್ಟ.

"ಅಪ್ಪ, ಇದು ಚುಚ್ಚುತ್ತೆ. ಎಲ್ಲರ ಕೋಟೂ ಮೆತ್ತಗಿದೆ. ಪಕ್ಕದವನು ಮುಟ್ಟಿ ನೋಡಿ, ನಿಂದು ಹೊಸದಾ ಅಂದ. ಇಲ್ಲ ಅಂದೆ." ಅವನು ನನ್ನ ಮುಖ ನೋಡಲಿಲ್ಲ. "ಇಲ್ಲ ತಾನೇ ಅಪ್ಪ?"

ಅವನು ಬೆಳಗಿನಿಂದ ನನ್ನ ಸುಳ್ಳನ್ನು ಹೊತ್ತುಕೊಂಡು ಕೂತಿದ್ದ. ಪಾಠದ ಮೊದಲ ದಿನವೇ. ಜವಳಿ ಯಜಮಾನರಿಗೆ ಅಷ್ಟು ಚೆನ್ನಾಗಿ ಮಾತಾಡಿದ ಬಾಯಿಂದಲೇ ಈಗ ಇದನ್ನೂ ಹೇಳಬೇಕಿತ್ತು.

"ಹೊಸದು ಕಣೋ," ಎಂದೆ. "ನಾನು ಮೋಸ ಮಾಡಿದೆ. ನಿಂಗೆ ಬಂದಿದ್ದ ಕೋಟು ತೇಪೇದು ಅಂತ ನಾಚಿಕೆಪಟ್ಟು ಬಚ್ಚಿಟ್ಟೆ."

ಬಗ್ಗಿ ಗಂಟು ಬಿಚ್ಚಿದೆ. ತೇಪೆ ಮಹಾರಾಜ ಸುಕ್ಕುಸುಕ್ಕಾಗಿ ಹೊರಬಂದ. ಎಡ ತೋಳನ್ನು ಮಗನ ಕೈಗಿಟ್ಟು ಮೇಣದಬತ್ತಿಯ ಕಥೆ ಹೇಳಿದೆ. ಅವನು ರಫಿನ ಮೇಲೆ ಬೆರಳಾಡಿಸಿದ.

"ತಾತನ ಹೊಲಿಗೆ ಯಾವುದು, ನಿಮ್ಮದು ಯಾವುದು?"

"ಮೇಲಿನ ದಪ್ಪ ಎಳೆ ನಂದು. ಒಳಗಿನ ಸಣ್ಣದು ತಾತಂದು."

"ತಾತಂದೇ ಚೆನ್ನಾಗಿದೆ," ಎಂದ ನನ್ನ ಮಗ. ಬೇರೆ ದಿನವಾಗಿದ್ದರೆ ಕಿವಿ ಹಿಂಡುತ್ತಿದ್ದೆ.

ಫಾದರ್ ಹತ್ತಿರ ಅಂದೇ ಹೋದೆ. ಬ್ರದರ್ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಬೈದರು. ಹೊಸ ಕೋಟಿನ ಹದಿಮೂರು ನಂಬರುಗಳನ್ನೂ ಕೂತು ಬಿಚ್ಚಿದೆ. ಹುಡುಗರ ಸಂಖ್ಯೆ ಹೆಚ್ಚುವ ವರ್ಷಕ್ಕೆಂದು ಅದು ಕೊನೆಯ ಗೂಟಕ್ಕೆ ಹೋಯಿತು. ತೇಪೆ ಮಹಾರಾಜನನ್ನು ಮಗನ ಅಳತೆಗೆ ಮಡಚಿ ಇಸ್ತ್ರಿ ಮಾಡಿದೆ. ಲೈನಿಂಗ್ ಮೇಲೆ, ಹನ್ನೆರಡರ ಕೆಳಗೆ, ಮಗನ ನಂಬರು ಹೊಲಿದೆ. ಈ ಸಲ ಒಂದು ಅಂಕಿ ಸೊಟ್ಟಗಾಯಿತು. ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಕೋಟಿನ ಕೋಣೆಯಲ್ಲಿ ಒಬ್ಬ ಹುಡುಗನಿಗಾಗಿ ಬ್ರದರ್ ಕನ್ನಡಕ ಹಾಕಿಕೊಂಡರು. ನಾನು ಬಾಗಿಲಲ್ಲಿ ನಿಂತೆ. ಅವರು ಮೊದಲ ನಂಬರು ಓದಿದರು. ಎರಡನೆಯದಕ್ಕೆ ಬಂದಾಗ ಹೆಬ್ಬೆರಳು ತೋಳಿನ ತುದಿಗೆ ಹೋಗಿ, ರಫಿನ ಮೇಲೆ ನಿಂತಿತು.

"ಮುನ್ನೂರ ಹನ್ನೆರಡು," ಎಂದರು.

ಹನ್ನೆರಡೂ ಮುಗಿದವು. ಮಗ ಬಾಗಿಲ ಕಡೆ ತಿರುಗಿ ನನ್ನನ್ನೊಮ್ಮೆ ನೋಡಿ, ತನ್ನ ನಂಬರನ್ನು ಚಾಪೆಲಿನಲ್ಲಿ ಹೇಳಿದ್ದಕ್ಕಿಂತ ಗಟ್ಟಿಯಾಗಿ ಹೇಳಿದ, ಮತ್ತು ನನ್ನಪ್ಪ ರಫು ಮಾಡಿದ ತೋಳಿನೊಳಗೆ ಮೊದಲು ಎಡಗೈ ತೂರಿಸಿದ.