ಸದ್ದಿಲ್ಲದ ಹನ್ನೆರಡು ಕೆಜಿ

ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಐದೂಕಾಲಿಗೆ ಅವಳ ಗಂಡನ ಫೋನು ಎಂದಿನಂತೆ ಬಡಿದುಕೊಂಡಿತು. ಅಲಾರಾಂ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮನೆ ತುಂಬ ಜನ ಇದ್ದ ದಿನಗಳಲ್ಲಿ ಯಾರೋ ಒಬ್ಬರು, ಸತ್ತವನ ಫೋನೆಂದು ತಿಳಿಯದೆ, ಅದಕ್ಕೆ ಚಾರ್ಜನ್ನೂ ಹಾಕಿಟ್ಟಿದ್ದರು. ಅವಳು ಎದ್ದು ಅದರ ಬಾಯಿ ಮುಚ್ಚಿಸಿದಳು. ಮುಖ ತೊಳೆದಳು. ಹಾಲು ಕಾಯಿಸಲು ಫ್ರಿಜ್ಜಿನ ಮುಂದೆ ಹೋಗಿ ನಿಂತಳು.

ಫ್ರಿಜ್ಜಿನ ಬಾಗಿಲಿಗೆ ಹದಿನಾರು ವಾರಗಳ ಪಟ್ಟಿ ಅಂಟಿಸಿತ್ತು. ಟ್ರೆಕ್ಕಿಂಗ್ ಕಂಪನಿಯವರು ಕಳಿಸಿದ್ದು. ಯಾವ ವಾರ ಎಷ್ಟು ಭಾರ ಹೊರಬೇಕು, ಎಷ್ಟು ಸಲ ಮೆಟ್ಟಿಲು ಹತ್ತಿಳಿಯಬೇಕು, ಎಲ್ಲ ಅದರಲ್ಲಿತ್ತು. ದಿನ ಮುಗಿದಂತೆಲ್ಲ ಅವನು ಹಸಿರು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದ. ಹಸಿರು ಹನ್ನೊಂದನೆಯ ವಾರದ ಮಂಗಳವಾರಕ್ಕೆ ನಿಂತಿತ್ತು. ಬುಧವಾರ ಅವನು ಹತ್ತಲು ಹೋದ. ಗುರುತು ಹಾಕಲು ಬರಲಿಲ್ಲ.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಇಡೀ ದಿನ ಕೂತೇ ಇರುವ ಕೆಲಸ. ಅಂಥವನಿಗೆ ಪರದೇಶದ ಹಿಮದ ಬೆಟ್ಟಗಳ ಹುಚ್ಚು ಎಲ್ಲಿಂದ ಹತ್ತಿತೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ. ಗೈಡ್ ಇರುತ್ತಾನೆ, ಟೆಂಟು ಹಾಕಿ ಕೊಡುತ್ತಾರೆ, ನಾವು ನಡೆದರಾಯಿತು ಅಷ್ಟೇ ಎನ್ನುತ್ತಿದ್ದ. ಹೊಸ ಬೂಟು ಪಳಗಲಿ ಎಂದು ಇಪ್ಪತ್ತು ದಿನ ಅದನ್ನು ಮನೆಯೊಳಗೇ ಹಾಕಿಕೊಂಡು ಓಡಾಡಿದ್ದ. ಊಟಕ್ಕೂ ಬೂಟು ಹಾಕಿಕೊಂಡೇ ಕೂರುತ್ತಿದ್ದ. "ಹಾಸಿಗೆಗಾದ್ರೂ ಬಿಚ್ಚಿ ಬರ್ತೀಯೋ, ಅಲ್ಲೂ ಹಿಮ ಬಿದ್ದಿದೆಯೋ" ಎಂದು ಅವಳು ಕೇಳಿದ್ದಳು.

ಬೆನ್ನಿನ ನೀಲಿ ಚೀಲಕ್ಕೆ ಭಾರ ಬೇಕಿತ್ತು. ಬೀದಿ ತುದಿಯ ತರಕಾರಿ ಅಂಗಡಿಯ ಮುದುಕ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ತಂದ ಮೇಲೆ ಅವನ ಹಳೆಯ ಕಬ್ಬಿಣದ ತೂಕದ ಕಲ್ಲುಗಳು ಬೆಂಚಿನ ಕೆಳಗೆ ಸುಮ್ಮನೆ ಬಿದ್ದಿದ್ದವು. ಇವನು ಹೋಗಿ ಕೇಳಿದ್ದ. ಐದು ಕೆಜಿಯದು ಒಂದು, ಎರಡರದು ಎರಡು, ಒಂದರದು ಮೂರು.

"ಬೆಟ್ಟ ಹತ್ತಿ ಬಂದ ಮೇಲೆ ವಾಪಸ್ ಕೊಡ್ತೀನಿ, ತಾತ."

"ಹತ್ತದಿದ್ರೂ ಕೊಡಪ್ಪ" ಎಂದಿದ್ದನಂತೆ ಮುದುಕ. ಮನೆಗೆ ಬಂದು ಇದನ್ನು ಹೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮೊದಲ ವಾರಗಳಲ್ಲಿ ಕಲ್ಲುಗಳು ಚೀಲದೊಳಗೆ ಒಂದಕ್ಕೊಂದು ಬಡಿದು ಠಣ್ ಠಣ್ ಎನ್ನುತ್ತಿದ್ದವು. ಅಡುಗೆಮನೆಯಲ್ಲಿ ನಿಂತೇ ಅವಳು ಅವನು ಯಾವ ಮಹಡಿಯಲ್ಲಿದ್ದಾನೆಂದು ಹೇಳಬಲ್ಲವಳಾಗಿದ್ದಳು. ನಾಲ್ಕನೆಯದು. ಐದನೆಯದು. ಈಗ ಇಳಿಯುತ್ತಿದ್ದಾನೆ. ಆಮೇಲೊಂದು ದಿನ ಎರಡನೆಯ ಮಹಡಿಯ ಟೀಚರು ಬಾಗಿಲಿಗೆ ಬಂದರು. "ದಿನಾ ಬೆಳಿಗ್ಗೆ ಯಾರೋ ಪಾತ್ರೆ ಅಂಗಡಿ ಹೊತ್ಕೊಂಡು ಓಡಾಡ್ತಾರಲ್ಲಮ್ಮ, ನಿಮ್ಮ ಯಜಮಾನ್ರೇನಾ?" ಅವತ್ತು ಸಂಜೆ ಅವಳು ಅವನ ಹಳೆಯ ಕಾಲುಚೀಲಗಳನ್ನು ಹುಡುಕಿ, ಒಂದೊಂದರಲ್ಲಿ ಒಂದೊಂದು ಕಲ್ಲು ಇಟ್ಟು, ಬಾಯಿ ಕಟ್ಟಿದಳು. ಮಾರನೆಯ ದಿನದಿಂದ ಸದ್ದು ನಿಂತಿತು.

ಆ ಬುಧವಾರವೂ ಸದ್ದಿರಲಿಲ್ಲ. ಐದನೆಯ ಮಹಡಿಯ ತಿರುವಿನಲ್ಲಿ ಅವನು ಬಿದ್ದು ಎಷ್ಟು ಹೊತ್ತಾಗಿತ್ತೋ. ಮೇಲಿನ ಮನೆಯವರು ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳಲು ಬಾಗಿಲು ತೆರೆದಾಗ ನೋಡಿದರು. ಅವಳು ಅಷ್ಟು ಹೊತ್ತೂ ಅಡುಗೆಮನೆಯಲ್ಲಿದ್ದಳು.

ಆಸ್ಪತ್ರೆಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮಾತಾಡಿದ್ದರು. ಹೃದಯದ ಗೋಡೆ ದಪ್ಪಗಾಗಿತ್ತು. ವಂಶದಲ್ಲಿ ಬರುವ ಕಾಯಿಲೆ. "ತಂದೆ ಕಡೆ ಯಾರಿಗಾದ್ರೂ ಹೀಗಾಗಿತ್ತಾ?" "ಇಲ್ಲ." "ತಮ್ಮ ಇದ್ದಾರಾ?" "ಇದ್ದಾನೆ." "ಒಂದ್ಸಲ ಪರೀಕ್ಷೆ ಮಾಡಿಸಿ. ಅಲ್ಲೀವರೆಗೂ ಭಾರ ಎತ್ತೋದು, ಓಡೋದು ಬೇಡ." ಆಮೇಲಿನ ಗಡಿಬಿಡಿಯಲ್ಲಿ ಅವಳು ಇದನ್ನು ಮೈದುನನಿಗೆ ಒಮ್ಮೆ ಹೇಳಿದ್ದಳು. ಅವನು ತಲೆಯಾಡಿಸಿದ್ದ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಎಲ್ಲರೂ ತಲೆಯಾಡಿಸುತ್ತಿದ್ದರು.

ಹಾಲು ಉಕ್ಕಿತು. ಒಲೆ ಆರಿಸಿ ತಿರುಗಿದಾಗ ಬಾಗಿಲ ಹಿಂದಿನ ಮೊಳೆ ಖಾಲಿ ಕಂಡಿತು. ಚೀಲ ಅಲ್ಲಿರಲಿಲ್ಲ.

ಮೈದುನ ಆರು ಗಂಟೆಗೆ ಒಳಗೆ ಬಂದ. ಅಂಗಿ ಬೆನ್ನಿಗಂಟಿತ್ತು. ಕಾಲಲ್ಲಿ ಅಣ್ಣನ ಬೂಟು. ಚೀಲವನ್ನು ಮೆತ್ತಗೆ ನೆಲಕ್ಕಿಟ್ಟು, ಜೇಬಿನಿಂದ ಮಡಚಿದ ಕಾಗದ ತೆಗೆದ.

"ಅತ್ತಿಗೆ, ಕಂಪನಿಯವರ ಹತ್ರ ಮಾತಾಡಿದೆ. ಒಂದೇ ಮನೆಯವರಾದ್ರೆ ಹೆಸರು ಬದಲಾಯಿಸ್ಕೊಡ್ತಾರಂತೆ. ಶುಕ್ರವಾರದೊಳಗೆ ಫಾರ್ಮ್ ಕಳಿಸ್ಬೇಕು. ನಿಮ್ಮ ಅಕ್ಷರ ಚೆನ್ನಾಗಿದೆ, ತುಂಬಿ ಕೊಡ್ತೀರಾ?"

"ಡಾಕ್ಟರು ಹೇಳಿದ್ದು ನೆನಪಿಲ್ವಾ?"

"ಹತ್ತು ಸಲ ಹತ್ತಿ ಬಂದೆ ಈಗ. ಏನಾಯ್ತು? ನನ್ನ ವ್ಯಾನು ನನಗಿಂತ ಜಾಸ್ತಿ ಏದುಸಿರು ಬಿಡುತ್ತೆ." ಅವನು ಕೊರಿಯರ್ ವ್ಯಾನ್ ಓಡಿಸುತ್ತಾನೆ. "ಅವನಿಗೆ ಬಂದಿದ್ದು ನನಗೂ ಬರ್ಬೇಕು ಅಂತೇನಿಲ್ಲ. ಅಪ್ಪಂಗೆ ಏನಿರ್ಲಿಲ್ವಲ್ಲ."

"ಯಾಕೆ ಹೋಗ್ಬೇಕು ನೀನು?"

ಅವನು ಬೂಟಿನ ದಾರ ಬಿಚ್ಚುತ್ತ ಕೂತ. "ಮೊದಲು ಇಬ್ರೂ ಹೋಗೋಣ ಅಂತಾನೇ ಇದ್ದಿದ್ದು. ನಾನೇ ಹಿಂದೆ ಸರಿದೆ. ಬೆಳಿಗ್ಗೆ ಎದ್ದು ಹತ್ತೋಕೆ ಸೋಮಾರಿತನ. ನಾನೂ ಜೊತೆಗೆ ಹತ್ತಿದ್ದಿದ್ರೆ ಅವನು ಬಿದ್ದಾಗ ಪಕ್ಕದಲ್ಲಿ ಇರ್ತಿದ್ದೆ." ದಾರ ಗಂಟಾಗಿತ್ತು. ಅವನು ಅದನ್ನು ಎಳೆಯುತ್ತಲೇ ಇದ್ದ. "ಬೂಟು ನನ್ನ ಅಳತೆಯದೇ. ಅವನು ಪಳಗಿಸಿ ಇಟ್ಟಿದಾನೆ. ಇದನ್ನ ಸುಮ್ನೆ ಇಡೋಕಾಗಲ್ಲ ನನಗೆ."

ಅವನು ಸ್ನಾನಕ್ಕೆ ಹೋದ. ಅವಳು ಫಾರ್ಮನ್ನು ಮೇಜಿನ ಮೇಲೆ ಹರಡಿದಳು. ಅದೇ ಮೂರು ಪುಟ. ಅವಳು ಪಠ್ಯಪುಸ್ತಕ ಅಚ್ಚು ಮಾಡುವಲ್ಲಿ ಕರಡು ತಿದ್ದುವವಳು. ಎರಡು ಡಿಗ್ರಿ ಮಾಡಿಕೊಂಡು, ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವವಳು. ಗಂಡನ ಫಾರ್ಮನ್ನೂ ಅವಳೇ ತುಂಬಿದ್ದು. ಅವನು ಬೂಟುಗಾಲು ಚಾಚಿ ಸೋಫಾದ ಮೇಲೆ ಒರಗಿದ್ದ, ಅವಳು ಓದಿ ಹೇಳುತ್ತಿದ್ದಳು. ಹದಿನಾಲ್ಕನೆಯ ಪ್ರಶ್ನೆ: ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಾದರೂ ಐವತ್ತು ವರ್ಷದೊಳಗೆ ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದಾರೆಯೇ?

"ಇಲ್ಲ. ಅಪ್ಪ ಹೋಗಿದ್ದು ಏಣಿಯಿಂದ ಬಿದ್ದು."

"ಏಣಿ ಅಂತ ಬರೀಲಾ?"

"ಜಾಗ ಇದ್ರೆ ಬರಿ."

ಜಾಗ ಇರಲಿಲ್ಲ. ಅವಳು 'ಇಲ್ಲ' ಎಂಬುದರ ಮುಂದೆ ಗುರುತು ಹಾಕಿದ್ದಳು. ಕ್ಲಿನಿಕ್ಕಿನ ಡಾಕ್ಟರು ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ನಿಂತ 'ಇಲ್ಲ'ಗಳನ್ನು ನೋಡಿ, ರಕ್ತದೊತ್ತಡ ಅಳೆದು, ಸಹಿ ಮಾಡಿ, ಒಳ್ಳೆ ಪ್ರಯಾಣವಾಗಲಿ ಎಂದಿದ್ದರು.

ಆ ಮನೆಯಲ್ಲಿ ಏಣಿ ಎಂದರೆ ಹಾವಿದ್ದಂತೆ. ಮಾವ ನಲವತ್ತೊಂದನೆಯ ವಯಸ್ಸಿನಲ್ಲಿ ಬಲ್ಬು ಬದಲಾಯಿಸಲು ಹತ್ತಿ, ಬಿದ್ದು ಹೋದವರು. ಅಂದಿನಿಂದ ಅತ್ತೆ ಮಕ್ಕಳಿಬ್ಬರನ್ನೂ ಒಂದು ಸ್ಟೂಲಿನ ಮೇಲೂ ನಿಲ್ಲಗೊಟ್ಟವರಲ್ಲ. ಬಚ್ಚಲ ಬಲ್ಬು ಹೋದರೆ ಎಲೆಕ್ಟ್ರಿಷಿಯನ್ ಬರುವವರೆಗೆ ನಾಲ್ಕು ದಿನ ಕತ್ತಲಲ್ಲೇ ಸ್ನಾನ. ದೊಡ್ಡ ಮಗ ಹಿಮದ ಬೆಟ್ಟಕ್ಕೆ ಹೋಗುತ್ತೇನೆಂದಾಗ ಅತ್ತೆ ಕೇಳಿದ್ದು ಒಂದೇ ಮಾತು. ಅವನು ಕಂಪನಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಿದ್ದ.

"ಅಲ್ಲಿ ಏಣಿ ಹತ್ತಬೇಕೇನಮ್ಮ?"

"ಇಲ್ಲಮ್ಮ, ಬರೀ ನಡೆಯೋದು. ಐದೂವರೆ ಸಾವಿರ ಮೀಟರ್ ಎತ್ತರಕ್ಕೆ ಕರ್ಕೊಂಡು ಹೋಗ್ತೀವಿ."

"ಎತ್ತರ ಎಷ್ಟಾದ್ರೂ ಇರ್ಲಿ. ಏಣಿ ಇಲ್ವಲ್ಲ, ಸಾಕು."

ಎಲ್ಲರೂ ನಕ್ಕಿದ್ದರು. ಅತ್ತೆಯೂ ನಕ್ಕಿದ್ದರು.

ಈಗ ಅವಳು ಪೆನ್ನು ಹಿಡಿದುಕೊಂಡೇ ಅತ್ತೆಯ ಕೋಣೆಗೆ ಹೋದಳು. ಅತ್ತೆ ಎದ್ದು, ಹಾಸಿಗೆ ಮಡಚಿ, ಮಡಚಿದ ಹಾಸಿಗೆಯ ಮೇಲೆ ಕೂತಿದ್ದರು.

"ಅತ್ತೆ, ಮಾವ ಬಿದ್ದಾಗ ನೀವು ಅಲ್ಲೇ ಇದ್ರಾ?"

"ಏಣಿ ಹಿಡ್ಕೊಂಡಿದ್ದೋಳೇ ನಾನು."

"ಹೇಗೆ ಬಿದ್ರು?"

"ಹಳೇ ಬಲ್ಬು ತೆಗೆದ್ರು. ಹಾಗೇ ನಿಂತ್ಕೊಂಡ್ರು. ಯಾಕ್ರೀ ಅಂದೆ. ಸ್ವಲ್ಪ ತಾಳು ಅಂದ್ರು. ಮುಖ ಎಲ್ಲ ಬೆವರು, ಬಣ್ಣವೇ ಹೋಗಿತ್ತು. ಬಗ್ಗಿ ಬಲ್ಬು ನನ್ನ ಕೈಗೆ ಕೊಟ್ರು. ಒಡೀಬಾರ್ದು ಅಂತ ಹುಷಾರಾಗಿ ಕೊಟ್ರು. ಆಮೇಲೆ ಕೈ ಬಿಟ್ರು."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಬೀಳೋಕ್ಕೆ ಮುಂಚೇನೇ ಏನೋ ಆಗಿತ್ತು ಅಂತ ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ. ಬಿದ್ರು ಅಂದೆ, ಬಿದ್ರು ಅಂತ ಬರ್ಕೊಂಡ್ರು." ಅತ್ತೆ ಹಾಸಿಗೆಯ ಅಂಚು ನೇರ ಮಾಡಿದರು. "ಏಣಿ ಅಂದ್ರೆ ಬೈಯೋಕೆ ಒಂದು ವಸ್ತು ಇರುತ್ತೆ. ಕಡಿದು ಒಲೆಗೆ ಹಾಕ್ದೆ. ಮಕ್ಕಳನ್ನ ಅದರಿಂದ ದೂರ ಇಟ್ರಾಯ್ತು ಅನ್ಕೊಂಡೆ. ಇಟ್ಟೆ ಕೂಡ."

ಅವಳು ಮೇಜಿಗೆ ಮರಳಿ ಹದಿನಾಲ್ಕನೆಯ ಪ್ರಶ್ನೆಗೆ 'ಹೌದು' ಎಂದು ಗುರುತು ಹಾಕಿದಳು. ಪಕ್ಕದ ಅಂಚಿನಲ್ಲಿ, ಜಾಗ ಇಲ್ಲದಿದ್ದರೂ, ತಂದೆ, ನಲವತ್ತೊಂದು ಎಂದು ಬರೆದಳು. ಅಣ್ಣ, ಮೂವತ್ನಾಲ್ಕು ಎಂದೂ ಬರೆದಳು.

ಮೈದುನ ತಲೆ ಒರೆಸಿಕೊಳ್ಳುತ್ತ ಬಂದು ಅದನ್ನು ನೋಡಿದ. ಅವಳು ಅತ್ತೆ ಹೇಳಿದ್ದನ್ನು ಹೇಳಿದಳು. ಅತ್ತೆ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು.

"ಏಣಿ ಅಲ್ಲ ಕಣೋ" ಎಂದರು.

ಅವನು ಟವೆಲನ್ನು ಕುರ್ಚಿಯ ಮೇಲೆ ಹಾಕಿದ. "ಈಗ ಹೇಳ್ತೀಯಾ?" ಎಂದ. ದನಿ ಏರಲಿಲ್ಲ. "ಅವನು ಹತ್ತು ವಾರ ನಿನ್ನ ಕಣ್ಣ ಮುಂದೆ ಹತ್ತಿಳಿದನಲ್ಲ, ಆಗ ಹೇಳ್ಲಿಲ್ಲ. ನನ್ನ ಸರದಿ ಬಂದಾಗ ಹೇಳ್ತೀಯಾ? ನನ್ನನ್ನ ಉಳಿಸ್ಕೊಳ್ಳೋಕೆ ಈ ಕತೆ ಕಟ್ಟಿದೀಯೋ ಏನೋ, ನಾನು ಹೇಗೆ ನಂಬ್ಲಿ?"

ಅತ್ತೆ ಕುರ್ಚಿಯ ಮೇಲಿನ ಟವೆಲು ತೆಗೆದು ಮಡಚಿದರು.

"ಪರೀಕ್ಷೆ ಮಾಡಿಸ್ಕೊ. ಆಮೇಲೆ ಎಲ್ಲಿಗಾದ್ರೂ ಹೋಗು" ಎಂದಳು ಅವಳು.

"ದೊಡ್ಡಾಸ್ಪತ್ರೇಲಿ ಕೇಳಿದೀನಿ ಅತ್ತಿಗೆ. ಮೂರು ವಾರ ಕಾಯ್ಬೇಕು. ಶುಕ್ರವಾರಕ್ಕೆ ಮೂರು ದಿನ ಇದೆ." ಅವನು ಫಾರ್ಮನ್ನು ಎರಡಾಗಿ ಮಡಚಿ ಅವಳ ಮುಂದೆಯೇ ಇಟ್ಟ. "ಇನ್ನೊಂದು ಪ್ರತಿ ತೆಗೆಸ್ಕೋತೀನಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ನಿಜ. ಆದ್ರೆ 'ಇಲ್ಲ' ಅಂತ ಗುರುತು ಹಾಕೋಕೆ ಅಕ್ಷರ ಯಾಕೆ ಬೇಕು?"

ಅವನು ವ್ಯಾನ್ ತೆಗೆದುಕೊಂಡು ಹೋದ ಮೇಲೆ ಅವಳು ಕಂಪನಿಗೆ ಫೋನ್ ಮಾಡಿದಳು. ಏಣಿಯ ಬಗ್ಗೆ ಮಾತಾಡಿದ್ದ ಅದೇ ದನಿ. ಮೊದಲು ಸಂತಾಪ ಹೇಳಿತು. ಆಮೇಲೆ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿತು.

"ನಾವು ಫಾರ್ಮಲ್ಲಿ ಇರೋದನ್ನ ಮಾತ್ರ ನೋಡೋದು ಮೇಡಂ. ಡಾಕ್ಟರ ಸಹಿ, ಹೋಗೋವ್ರ ಸಹಿ ಎರಡೂ ಇದ್ರೆ ಬೇಡ ಅನ್ನೋಕೆ ನಮಗೆ ಬರಲ್ಲ. ನಿಮ್ಮ ಯಜಮಾನ್ರ ಫಾರ್ಮ್ ಇಲ್ಲೇ ಇದೆ. ಅದರಲ್ಲೂ 'ಇಲ್ಲ' ಅಂತಾನೇ ಇದೆ."

"ಹೌದು" ಎಂದಳು ಅವಳು. "ನಾನೇ ಬರೆದಿದ್ದು."

ಸಂಜೆ ನಾಲ್ಕಕ್ಕೆ ಅವಳು ಚೀಲದ ಬಾಯಿ ಬಿಚ್ಚಿದಳು. ಕಾಲುಚೀಲದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಕಲ್ಲುಗಳನ್ನು ಹೊರತೆಗೆದಳು. ಆರು ಕಲ್ಲು. ಕಾಲುಚೀಲಗಳನ್ನು ಒಗೆಯಲು ಹಾಕಿದಳು. ಕಲ್ಲುಗಳನ್ನು ಎರಡು ಬಟ್ಟೆಯ ಚೀಲಗಳಲ್ಲಿ ಹಾಕಿ, ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದಳು. ಠಣ್ ಎಂದಿತು. ಪ್ರತಿ ಮೆಟ್ಟಿಲಿಗೂ ಠಣ್ ಎಂದಿತು. ಎರಡನೆಯ ಮಹಡಿಯಲ್ಲಿ ಟೀಚರು ಬಾಗಿಲು ತೆರೆದರು. ಅವಳ ಮುಖ ನೋಡಿದರು, ಕೈಯಲ್ಲಿದ್ದ ಚೀಲ ನೋಡಿದರು. ಬಾಗಿಲು ಹಾಕಿಕೊಳ್ಳಲು ಆಗದೆ ಅಲ್ಲೇ ನಿಂತರು.

ತರಕಾರಿ ಅಂಗಡಿಯ ಮುದುಕ ಮರದ ಪೆಟ್ಟಿಗೆ ತೆಗೆದ. ಅದರಲ್ಲಿ ಒಂದೊಂದು ಕಲ್ಲಿಗೂ ಒಂದೊಂದು ಗುಂಡಿ ಕೊರೆದಿತ್ತು. ಅವನು ಕಲ್ಲುಗಳನ್ನು ಪಂಚೆಯ ತುದಿಯಿಂದ ಒರೆಸಿ, ಅದರದರ ಗುಂಡಿಯಲ್ಲಿ ಕೂರಿಸಿದ.

"ಅವಸರ ಏನಿತ್ತಮ್ಮ? ನನಗೇನೂ ಬೇಕಾಗಿರ್ಲಿಲ್ಲ."

"ಕೊಡ್ತೀನಿ ಅಂದಿದ್ರಂತೆ." ಅವಳು ಖಾಲಿ ಚೀಲಗಳನ್ನು ಮಡಚಿದಳು. "ತಾತ, ನನ್ನ ಮೈದುನ ಬಂದು ಕೇಳಿದ್ರೆ ಕೊಡಬೇಡಿ."

"ಕೊಡಲ್ಲ." ಮುದುಕ ಪೆಟ್ಟಿಗೆಯ ಮುಚ್ಚಳ ಹಾಕಿದ. ಅವಳ ಹಿಂದಿನ ಬೀದಿಯ ಕಡೆ ನೋಡಿದ. "ಆದ್ರೆ ನೀವು ಬಂದ ಹಿಂದೇನೇ ಅವ್ರು ವ್ಯಾನ್ ನಿಲ್ಲಿಸಿ, ಎರಡು ದೊಡ್ಡ ನೀರಿನ ಕ್ಯಾನ್ ಇಳಿಸ್ಕೊಂಡು ಹೋದ್ರಲ್ಲಮ್ಮ."

ಅವಳು ತಿರುಗಿ ನೋಡಿದಳು. ಎದುರಿಗೆ ಅವರ ಕಟ್ಟಡ. ಮೆಟ್ಟಿಲ ಪ್ರತಿ ತಿರುವಿಗೂ ಒಂದೊಂದು ಕಿಟಕಿ. ಮೂರನೆಯ ಕಿಟಕಿಯಲ್ಲಿ ಒಂದು ತಲೆ ಕಂಡಿತು, ಮುಂದಕ್ಕೆ ಬಾಗಿದ ತಲೆ, ಹಿಂದೆ ಚೀಲದ ನೀಲಿ. ನಾಲ್ಕನೆಯ ಕಿಟಕಿಯಲ್ಲಿ ಕಂಡಿತು. ಆಮೇಲೆ ಇಲ್ಲ.

ಅವಳು ಐದನೆಯ ಕಿಟಕಿಯನ್ನೇ ನೋಡುತ್ತ ನಿಂತಳು. ಮುದುಕನೂ ನೋಡುತ್ತ ನಿಂತ.

ಕಂಡಿತು. ಒಂದು ಗಳಿಗೆ ನಿಂತು, ಇಳಿಯತೊಡಗಿತು. ಹನ್ನೆರಡನೆಯ ವಾರದ ಪಟ್ಟಿಯಲ್ಲಿ ಇನ್ನೂ ಹೆಚ್ಚು ಭಾರ, ಇಪ್ಪತ್ತು ಸಲ ಎಂದಿತ್ತು. ಅದರಲ್ಲಿ ಇದು ಎಷ್ಟನೆಯದೋ ಅವಳಿಗೆ ಗೊತ್ತಿರಲಿಲ್ಲ.