ಹೆಬ್ಬೆರಳಿಗೆ ಕಟ್ಟಿದ ದಾರ

ಲಕ್ವ ಹೊಡೆದಾಗಿನಿಂದ ನನ್ನ ಗಂಡನಿಗೆ ಮಾತಿಲ್ಲ. ಬಲಪಕ್ಕ ಪೂರ್ತಿ ಬಿದ್ದುಹೋಗಿದೆ, ಎಡಗೈ ಮಾತ್ರ ಆಡುತ್ತದೆ. ಅದಕ್ಕೇ ಅವರ ಎಡ ಮಣಿಕಟ್ಟಿಗೆ ದಪ್ಪ ದಾರ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಹೆಬ್ಬೆರಳಿಗೆ ಸುತ್ತಿಕೊಂಡಿರುತ್ತೇನೆ. ಬಟ್ಟೆ ಹೊಲಿಯುವವಳ ಮನೆಯಲ್ಲಿ ದಾರಕ್ಕೇನು ಬರ. ಮುಂದಿನ ಕೋಣೆಯಲ್ಲಿ ಮಿಷನ್ ಮುಂದೆ ಕೂತಾಗ ಕಾಲಿನ ಹೆಬ್ಬೆರಳಿಗೆ, ಮಲಗುವಾಗ ಕೈಯದಕ್ಕೆ. ಅವರು ಎಳೆದರೆ ಎದ್ದು ಹೋಗುತ್ತೇನೆ. ಎಳೆಯದಿದ್ದರೂ ಹೋಗುತ್ತೇನೆ, ಉಸಿರಿದೆಯೋ ಇಲ್ಲವೋ ನೋಡಲು. ನಾನು ಕಣ್ಣು ಮುಚ್ಚಿದ ಗಳಿಗೆಯಲ್ಲೇ ಅವರು ಹೋಗಿಬಿಡುತ್ತಾರೆ ಎಂಬ ಭಯ ನನಗೆ.

ಹೀಗೆ ನಿದ್ದೆಗೆಟ್ಟೂ ನಿದ್ದೆಗೆಟ್ಟೂ, ಮೊನ್ನೆ ಒಂದು ಅಂಗಿಯ ಕತ್ತನ್ನೇ ಹೊಲಿದು ಮುಚ್ಚಿಬಿಟ್ಟೆ. ತಲೆ ಎಲ್ಲಿಂದ ತೂರಿಸಲಿ ಎಂದು ಗಿರಾಕಿ ಕೇಳಿದ. ಸಾಕಾಗಿಹೋಯಿತು. ದೇವರೇ, ಒಂದಿಷ್ಟು ಶಕ್ತಿ ಕೊಡಪ್ಪ ಎಂದು ಬೇಡಿಕೊಂಡೆ.

ಮರುದಿನ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದವಳು ನನ್ನ ನಾದಿನಿ.

ಅವಳೋ, ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹರಟೆಗೆ ಹೋಗುವ ಹೆಂಗಸು. ಎಲ್ಲದಕ್ಕೂ "ದೇವರು ನೋಡ್ಕೋತಾನೆ ಬಿಡಿ" ಎನ್ನುತ್ತಾಳೆ. ಹಾಲು ಉಕ್ಕಿದ ಒಲೆಯನ್ನು ಮಾತ್ರ ನಾನು ಒರೆಸಬೇಕು.

"ಅತ್ತಿಗೆ, ನಿಮ್ಮ ಕಣ್ಣು ನೋಡಿ ಹೇಗಾಗಿದೆ. ಹೋಗಿ ಮಲಗಿ. ಅಣ್ಣನ್ನ ನಾನು ನೋಡ್ಕೋತೀನಿ."

"ನೀನಾ?"

"ದೇವರೇ ಕಳಿಸಿದ್ದು ಅಂದ್ಕೊಳ್ಳಿ."

"ನಾನು ಕೇಳಿದ್ದು ಶಕ್ತಿ ಕಣಮ್ಮ, ನಿನ್ನನ್ನಲ್ಲ."

ಅವಳು ನಕ್ಕಳು. ಅವಳಿಗೆ ಏನಂದರೂ ಬೇಜಾರಾಗುವುದಿಲ್ಲ, ಅದೊಂದು ಕಷ್ಟ. ದಾರ ನನ್ನ ಬೆರಳಲ್ಲೇ ಇರಬೇಕು ಎಂದು ಷರತ್ತು ಹಾಕಿ, ಸಂಜೆ ಒಂದು ಗಳಿಗೆ ಬೆನ್ನು ಚಾಚೋಣವೆಂದು ಪಕ್ಕದ ಕೋಣೆಗೆ ಹೋದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಗಿನ ಬಿಸಿಲಿತ್ತು. ಬೆರಳಲ್ಲಿ ದಾರವಿರಲಿಲ್ಲ. ಜೀವ ಬಾಯಿಗೆ ಬಂತು. ಎದ್ದು ಓಡಿದೆ.

ದಾರ ನಾದಿನಿಯ ಹೆಬ್ಬೆರಳಲ್ಲಿತ್ತು. ಅವಳು ಗೋಡೆಗೊರಗಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಮಂಚದ ಕಡೆ ನೋಡಿದೆ. ಹೊದಿಕೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

ಅವರು ಎಚ್ಚರವಾಗಿದ್ದರು. ತಂಗಿಯ ನಿದ್ದೆ ಕೆಡಬಾರದೆಂದು ಎಡಗೈಯನ್ನು ಅಲ್ಲಾಡಿಸದೆ ಎದೆಯ ಮೇಲಿಟ್ಟುಕೊಂಡಿದ್ದರು. ನನ್ನನ್ನು ಕಂಡು, ಕಣ್ಣಲ್ಲೇ ಅವಳ ಕಡೆ ತೋರಿಸಿ ಸೊಟ್ಟ ಬಾಯಲ್ಲಿ ನಕ್ಕರು. ಆ ನಗು ಕಂಡು ಎಷ್ಟು ಕಾಲವಾಗಿತ್ತೋ.

ನಾನೂ ಕಾಯಲಿಲ್ಲ, ಇವಳೂ ಕಾಯಲಿಲ್ಲ. ಆದರೂ ಬೆಳಗಾಗಿದೆ, ಅವರಿದ್ದಾರೆ. ಇಷ್ಟು ದಿನ ದಾರದ ತುದಿ ಹಿಡಿದು ಅವರನ್ನು ಉಳಿಸಿಕೊಂಡವಳು ನಾನೇ ಅಂದುಕೊಂಡಿದ್ದೆನಲ್ಲ. ಅಳು ಬಂತು. ಅದರ ಹಿಂದೆಯೇ ನಿದ್ದೆಯೂ ಬಂತು.

ಅವರಿಗೆ ನೀರು ಕುಡಿಸಿದೆ. ದಾರವನ್ನು ಅವಳ ಬೆರಳಲ್ಲೇ ಬಿಟ್ಟೆ. "ನೀನೇ ನೋಡ್ಕೋಪ್ಪ" ಎಂದು ನಾದಿನಿಯ ಮಾತನ್ನೇ ಎರವಲು ಪಡೆದು ದೇವರಿಗೆ ಹೇಳಿ, ಬರಿಗೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಮತ್ತೆ ಮಲಗಿದೆ.