ಸಾವ್ಕಾರನ ಪಾದದ ಗಂಟು

ಮುಂಬೈಗೆ ಎಳೆ ಚಳಿ ಕಾಲಿಟ್ಟಿತ್ತು. ಕುರ್ಲಾದ ಚಾಳಿನಲ್ಲಿ ಬೆಳಗಿನ ಐದಕ್ಕೇ ರುದ್ರವ್ವನ ಖಾನಾವಳಿಯ ಒಲೆ ಹೊತ್ತಿತ್ತು. ಕಟ್ಟಡದ ಕೆಲಸಕ್ಕೆ ಹೋಗುವ ನಲವತ್ತು ಮಂದಿಗೆ ರೊಟ್ಟಿ ಬಡಿದಾದ ಮೇಲೆ ಅವಳು ಮೊಸರು ಕಡೆಯಲು ಕೂತಳು. ಕಡಗೋಲಿನ ಸದ್ದು ಕೇಳಿದರೆ ಸಾಕು, ಸಾವ್ಕಾರ ಎದ್ದು ಬರುತ್ತಿದ್ದ. ಸಾವ್ಕಾರ ಅವಳ ಬೆಕ್ಕು. ಜೋಳದ ಚೀಲಕ್ಕೆ ಇಲಿ ಬಾಯಿ ಹಾಕದಂತೆ ಆರು ವರ್ಷದಿಂದ ಕಾದವನು. ಅದಕ್ಕೇ ಕಡೆದ ಬೆಣ್ಣೆಯ ಮೊದಲ ಉಂಡೆ ದಿನವೂ ಅವನಿಗೆ. ವಿಜಯಪುರದ ಕಡೆಯ ಹಳ್ಳಿಯಲ್ಲಿ ಅತ್ತೆ ನಡೆಸಿಕೊಂಡು ಬಂದ ಪದ್ಧತಿ ಅದು.

ಅಂದು ಸಾವ್ಕಾರ ಕುಂಟುತ್ತ ಬಂದ. ಪಾದದ ಮೇಲೆ, ಕಿವಿಯ ಹತ್ತಿರ, ಕಡಲೆಕಾಳಿನಷ್ಟು ಗಂಟುಗಳೆದ್ದಿದ್ದವು. ನಡುವೆ ಹಳದಿ ಬಿಳುಪು, ಸುತ್ತ ಕೆಂಪು. ಒಂದು ಒಡೆದು ರಸಿಕೆ ಬಂದಿತ್ತು.

“ನರೂಲಿ ಆಗ್ಯಾವ. ಸುಣ್ಣ ಹಚ್ಚಿದ್ರ ಉದರ್ತಾವ,” ಎಂದು ರುದ್ರವ್ವ ಗಂಡನ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು.

ಪಕ್ಕದ ಖೋಲಿಯ ಸ್ನೇಹಲ್ ಮಜ್ಜಿಗೆಗೆಂದು ಬಂದವಳು ಅಲ್ಲೇ ನಿಂತಳು. ಅಂಧೇರಿಯ ಪ್ರಾಣಿ ದವಾಖಾನೆಯೊಂದರಲ್ಲಿ ಡಾಕ್ಟರರ ಕೈಕೆಳಗೆ ಕೆಲಸ ಮಾಡುವ ಹುಡುಗಿ.

“ಕಾಕು, ಥಾಂಬಾ, ತಡೀರಿ. ಸುಣ್ಣ ಹಚ್ಚಬ್ಯಾಡ್ರಿ. ಚರ್ಮ ಸುಡತದ, ನೆಕ್ಕಿದ್ರ ನಾಲಿಗೀನೂ ಸುಡತದ. ನರೂಲಿ ಅಲ್ಲ ಅನಸ್ತದ ನನಗ. ರಕ್ತದಾಗ ಚರಬಿ, ಕೊಬ್ಬು ಹೆಚ್ಚಾದ್ರೂ ಹಿಂಗ ಗಂಟ ಏಳ್ತಾವ.”

“ಬೆಕ್ಕಿಗೆ ಚರಬಿ?” ಒಳಗಿನಿಂದ ಗಂಡ ಶೆಟ್ಟೆಪ್ಪ ನಕ್ಕ. “ಮುಂಜಾನೆ ವಾಕಿಂಗೂ ಹೇಳ್ತಿ ಏನವಾ ಇದಕ್ಕ?”

“ನಗ್ರಿ ಕಾಕಾ, ನಗ್ರಿ. ಏನ ತಿನಸ್ತೀರಿ ಇದಕ್ಕ?”

“ಬೆಣ್ಣಿ, ಹಾಲಿನ ಕೆನಿ,” ಎಂದ ರುದ್ರವ್ವನಿಗೆ ಸಿಟ್ಟು ಬಂತು. “ನಾ ಉಣಿಸಿದ್ದು ವಿಷ ಅಂತೀ ಏನ?”

“ಹಂಗಲ್ಲ ಕಾಕು. ಎಲ್ಲಾ ಬೆಕ್ಕಿಗೂ ಹಿಂಗ ಆಗೂದಿಲ್ಲ. ಕೆಲವಕ್ಕ ಹುಟ್ಟಿನಿಂದನ ಚರಬಿ ಜೀರ್ಣ ಆಗೂದಿಲ್ಲ, ಕೆಲವಕ್ಕ ಶುಗರ್ ಇರ್ತದ. ಟೆಸ್ಟ್ ಮಾಡಿದ್ರನ ಗೊತ್ತಾಗೂದು.”

ಎರಡು ದಿನ ಕಳೆದರೂ ಕುಂಟುವುದು ನಿಲ್ಲಲಿಲ್ಲ. ಸ್ನೇಹಲ್ ಕೆಲಸ ಮಾಡುವ ದವಾಖಾನೆಯ ಡಾಕ್ಟರ್ ರಾಜೀವಿ ಹೇಳಿದಂತೆ ಖಾಲಿ ಹೊಟ್ಟೆಯಲ್ಲಿ ಸಾವ್ಕಾರನನ್ನು ಒಯ್ದರು. ಡಾಕ್ಟರು ರಕ್ತ ತೆಗೆದರು, ಗಂಟಿಗೂ ಸೂಜಿ ಚುಚ್ಚಿ ಚೂರು ತೆಗೆದರು. ಯಂತ್ರದಲ್ಲಿ ತಿರುಗಿಸಿದ ಕೊಳವೆಯನ್ನು ಬೆಳಕಿಗೆ ಹಿಡಿದರು. ಕೆಳಗೆ ರಕ್ತವಿತ್ತು. ಮೇಲೆ ತಿಳಿಯಾಗಿರಬೇಕಾದ ನೀರು ಬೆಳ್ಳಗೆ ದಪ್ಪಗಿತ್ತು.

ಮೂವತ್ತು ವರ್ಷ ಹಾಲು ಮೊಸರಿನಲ್ಲೇ ಕೈಯಾಡಿಸಿದ ರುದ್ರವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಇದು ಕೆನಿ,” ಎಂದಳು ಮೆಲ್ಲಗೆ.

“ಹೌದಮ್ಮ. ಶುಗರ್ ಇಲ್ಲ, ಅದು ಪುಣ್ಯ,” ಎಂದರು ಡಾಕ್ಟರು. “ಬೆಣ್ಣೆ, ಕೆನೆ ಇನ್ನು ಬೇಡ. ಕೊಬ್ಬು ಕಡಿಮೆ ಇರುವ ಊಟ ಬರೆದುಕೊಡ್ತೇನೆ. ಹಾಗಂತ ಉಪವಾಸ ಹಾಕಬೇಡಿ. ಬೆಕ್ಕು ಒಂದೆರಡು ದಿನ ಉಣ್ಣದಿದ್ದರೆ ಲಿವರ್ ಕೆಡ್ತದೆ. ಹಳೆಯ ಊಟದಲ್ಲೇ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸಿ.”

ಹೇಳಿದಷ್ಟು ಸುಲಭವಿರಲಿಲ್ಲ. ಕಡಗೋಲು ಆಡಿದರೆ ಸಾವ್ಕಾರ ಕೂಗುತ್ತಿದ್ದ. ನಾಲ್ಕನೆಯ ದಿನ ರುದ್ರವ್ವನ ಕೈ ತಡೆಯಲಿಲ್ಲ, ಉಂಡೆ ಕಟ್ಟಿಯೇ ಬಿಟ್ಟಳು. ಶೆಟ್ಟೆಪ್ಪ ಅದನ್ನು ಕಸಿದು ಗಡಿಗೆಗೆ ಹಾಕಿದ. ಮುಂದೆ ಕಡೆಯುವ ಹೊತ್ತಿಗೆಲ್ಲ ಬೆಕ್ಕನ್ನು ಎತ್ತಿಕೊಂಡು ಗ್ಯಾಲರಿಗೆ ನಡೆದುಬಿಡುತ್ತಿದ್ದ.

“ಬರ್ರಿ ಸಾವ್ಕಾರ್ರ, ಹೊರಗ ಕೂಡೂಣು. ನನಗೂ ಡಾಕ್ಟರ್ ಬೆಣ್ಣಿ ಬಂದ್ ಮಾಡಿ ವರ್ಷಾತು.”

ತಿಂಗಳಿಗೆ ಹುಣ್ಣು ಒಣಗಿತು. ಸಂಕ್ರಾಂತಿಯ ಹೊತ್ತಿಗೆ ಗಂಟುಗಳು ಕುಗ್ಗಿ, ಕಿವಿಯ ಹತ್ತಿರದ್ದೊಂದು ಮಾತ್ರ ಉಳಿಯಿತು. ಎರಡನೆಯ ಸಲ ತೆಗೆದ ರಕ್ತದ ಮೇಲಿನ ನೀರು ತಿಳಿಯಾಗಿತ್ತು. ಸಾವ್ಕಾರ ಈಗ ಕುಂಟುವುದಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೆಕ್ಕನ್ನು ಮುದ್ದು ಮಾಡುವಾಗ ಪಾದ, ಕಿವಿ, ಮುಖ ಒಮ್ಮೆ ಸವರಿ ನೋಡಿ. ಹಳದಿ ಗಂಟು ಕೈಗೆ ತಾಗಿದರೆ ಸುಣ್ಣ ಬೇಡ, ಬ್ಲೇಡು ಬೇಡ, ಮನುಷ್ಯರ ಗುಳಿಗೆಯಂತೂ ಬೇಡವೇ ಬೇಡ. ಪ್ರಾಣಿ ಡಾಕ್ಟರರ ಹತ್ತಿರ ಒಯ್ಯಿರಿ. ಏನು ಉಣಿಸುತ್ತೀರಿ, ನೀರು ಎಷ್ಟು ಕುಡಿಯುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ. ಬೆಕ್ಕು ಬೆಣ್ಣೆಯನ್ನು ಕೂಗಿ ಕೇಳುತ್ತದೆ, ನೋವನ್ನು ಮಾತ್ರ ಹೇಳುವುದಿಲ್ಲ. ಅದನ್ನು ನೀವೇ ನೋಡಬೇಕು.